ಉಣ್ಣೆಗೆ ಮೈಲಿಗೆ ಇಲ್ಲ

ವಿಲ್ಲಿಂಗ್ಡನ್ ಐಲ್ಯಾಂಡ್, ಕೊಚ್ಚಿ
3 ಫೆಬ್ರವರಿ 1958

ಅಕ್ಕಾ, ಸಿಕ್ಕಿತು, ಸಿಕ್ಕಿತು, ನಿನ್ನ ಜಗಲಿ ಶಾಲೆಯ ಮಕ್ಕಳಿಗೆ ಇಡೀ ಪ್ರಪಂಚವೇ ಒಂದು ಕಬ್ಬಿಣದ ಟ್ರಂಕಿನೊಳಗೆ ಸಿಕ್ಕಿಬಿಟ್ಟಿತು!

ಮೊದಲು ಭಾವನ, ನಿನ್ನ ಅತ್ತೆಯವರ, ಮಗಳು ಚಂದ್ರಿಯ ಕ್ಷೇಮ ಕೇಳಬೇಕಿತ್ತು. ಇಂಗ್ಲಿಷಿನಲ್ಲಿ ಕಾಗದ ಬರೆಯುವ ಕ್ರಮವನ್ನು ಕಾನ್ವೆಂಟಿನ ಸಿಸ್ಟರುಗಳು ತಲೆಗೆ ಹೊಡೆದು ಕಲಿಸಿದ್ದರು. ಕನ್ನಡದಲ್ಲಿ ಬರೆಯಲು ಕೂತರೆ ನನಗೆ ಕ್ರಮವೂ ಇಲ್ಲ, ತಾಳ್ಮೆಯೂ ಇಲ್ಲ. ಕ್ಷೇಮವೆಂದು ನಾನೇ ತಿಳಿದುಕೊಂಡು ಮುಂದೆ ಹೋಗುತ್ತೇನೆ.

ನನ್ನ ಮದುವೆಯ ದಿನ ನೀನು ಹೇಳಿದ್ದು ನೆನಪಿದೆಯೇ? ಭೂಪಟದಲ್ಲಿ ಜಪಾನ್ ಎಲ್ಲಿದೆ ಎಂದರೆ ನಿನ್ನ ಮಕ್ಕಳು ಬೆರಳಿಟ್ಟು ತೋರಿಸುತ್ತಾರೆ, ಜಪಾನ್ ಎಂದರೆ ಏನು ಎಂದು ಕೇಳಿದರೆ "ಹಳದಿ" ಅನ್ನುತ್ತಾರೆ ಎಂದು. ಎಲ್ಲರೂ ನಕ್ಕರು. ನೀನು ಮಾತ್ರ ನಗಲಿಲ್ಲ. "ಮುಟ್ಟಿ ನೋಡಲಿಕ್ಕೆ ಎಂತಾದರೂ ಇದ್ದಿದ್ದರೆ ಮಕ್ಕಳಿಗೆ ಗೊತ್ತಾಗ್ತಿತ್ತು" ಅಂದೆ. ಆ ಗಳಿಗೆಯಲ್ಲೇ, ಅರಿಶಿನದ ಕೈಯಲ್ಲೇ, ನಾನು ನಿಶ್ಚಯ ಮಾಡಿದ್ದೆ. ಬಂದರಿನಲ್ಲಿ ಕೆಲಸ ಮಾಡುವ ಗಂಡ ಸಿಕ್ಕಿದ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಟ್ರಂಕು ನಾಳೆ ರೈಲ್ವೆ ಪಾರ್ಸೆಲಿನಲ್ಲಿ ಹೊರಡುತ್ತದೆ. ಅದರಲ್ಲಿ ಕೈಕಾಲಿಲ್ಲದ, ಬರೀ ತಲೆ ಮತ್ತು ನಗು ಇರುವ ಜಪಾನಿನ ಮರದ ಗೊಂಬೆಯಿದೆ. ಏಲೂರಿನ ಗೊಬ್ಬರದ ಕಾರ್ಖಾನೆಗೆ ಬಂದಿದ್ದ ಡಚ್ ಇಂಜಿನಿಯರರ ಹೆಂಡತಿ ಊರಿಗೆ ಹೊರಡುವಾಗ ಕೊಟ್ಟ ಮರದ ಚಪ್ಪಲಿ ಇದೆ. ಮಕ್ಕಳು ಮೆಟ್ಟಿ ನಡೆದರೆ ಅತ್ತೆಯವರಿಗೆ ನಿದ್ದೆ ಬಾರದು! ಬರ್ಮಾದ ಬಣ್ಣದ ಕಾಗದದ ಕೊಡೆ, ಚೀನಾದವರು ಅನ್ನ ತಿನ್ನುವ ಕಡ್ಡಿಗಳು, ಆಫ್ರಿಕಾದ ಹೆಬ್ಬೆರಳಲ್ಲಿ ಮೀಟುವ ಪುಟ್ಟ ವಾದ್ಯ. ಹಿಂದಿನಿಂದ ಮುಂದಕ್ಕೆ ಓದುವ ಅರಬ್ಬೀ ಮಕ್ಕಳ ಚಿತ್ರದ ಪುಸ್ತಕ. ಜರ್ಮನಿಯದು ಇನ್ನೊಂದು, ಹಾಳೆಗಳು ರೊಟ್ಟಿಯಷ್ಟು ದಪ್ಪ.

ಇನ್ನು ಎಲ್ಲಕ್ಕಿಂತ ಚಂದದ್ದು. ಪರ್ಷಿಯಾ ಕಡೆಯ ಪುಟ್ಟ ಉಣ್ಣೆ ಕಂಬಳಿ. ಕಡುಗೆಂಪು, ಅಂಚಿನಲ್ಲಿ ಸಾಲು ಒಂಟೆಗಳು. ಮಕ್ಕಳನ್ನು ಅದರ ಮೇಲೆ ಕೂರಿಸಿ "ಹಾರು" ಅನ್ನು, ಯಾವ ದೇಶಕ್ಕೆ ಬೇಕಾದರೂ ಹಾರುತ್ತಾರೆ. ಇವರ ದೊಡ್ಡಮ್ಮನ ಮಗ ಕಮಲಾಕ್ಷ ಭಾವ ಹಡಗುಗಳಿಗೆ ತರಕಾರಿ, ಬಾಳೆಹಣ್ಣು ಒದಗಿಸುತ್ತಾರಲ್ಲ, ಅವರು ತಂದದ್ದು. ಹೇಗೆ ತಂದರೆಂದು ಇವರೆದುರು ಮಾತ್ರ ಎಂದೂ ಕೇಳಬೇಡ. ಕಸ್ಟಮ್ಸಿನವರ ಹೆಂಡತಿ ನಾನು. ಹಡಗಿನಿಂದ ಗುಂಡುಸೂಜಿ ಇಳಿದರೂ ಕಾಗದ ಬೇಕು ಎನ್ನುವ ಮಹಾರಾಯರು ಇವರು.

ಮಕ್ಕಳು ಏನೇನು ಅಂದರು, ಯಾರು ಏನು ಮುಟ್ಟಿದರು, ಒಂದೂ ಬಿಡದೆ ಬರೆ. ಚಂದ್ರಿಗೆ ನೂರು ಮುತ್ತು.

ಕುಣಿಯುತ್ತಿರುವ ನಿನ್ನ
ಮೋಹಿನಿ


ಪಟ್ಟಂ, ತಿರುವನಂತಪುರ
8 ಫೆಬ್ರವರಿ 1958

ಮುದ್ದು ಮೋಹಿನಿ,

ಟ್ರಂಕು ಬಂತು. ಮುಚ್ಚಳ ತೆರೆದಾಗ ನಾನು ಟೀಚರ್ ಎಂಬುದೇ ಮರೆತುಹೋಗಿ ಮಕ್ಕಳಿಗಿಂತ ಮೊದಲು ಕೈ ಹಾಕಿದೆ.

ಆದರೆ ಟ್ರಂಕು ಜಗಲಿಗೆ ಏರಲು ಒಂದು ದಿನ ಬೇಕಾಯಿತು. ನಮ್ಮ ಅತ್ತೆ ಮೆಟ್ಟಿಲಲ್ಲೇ ತಡೆದರು. "ಸರೋಜಾ, ಎಂತ ಇದು? ಯಾರ್ಯಾರು ಮುಟ್ಟಿದ್ದೋ, ಯಾವ ಕಡಲು ದಾಟಿದ್ದೋ! ಬಾವಿಕಟ್ಟೆಯ ಹತ್ರ ಇಡು" ಅಂದರು. ನಿನ್ನ ಭಾವ ಆಫೀಸಿನಿಂದ ಬಂದವರು ಷರಟೂ ಬಿಚ್ಚದೆ ನಗುತ್ತಾ ನಿಂತರು. "ಅಮ್ಮಾ, ಕೊಚ್ಚಿಯಲ್ಲಿ ಸೊಸೆಯ ತಂಗಿಯ ಗಂಡನೇ ಕಸ್ಟಮ್ಸ್. ಇಲ್ಲಿ ನಿನ್ನದು ಎರಡನೇ ಕಸ್ಟಮ್ಸಾ?" ಎಂದು ಕೇಳಿದರು. "ಅವ ಕಾಗದ ನೋಡುದು, ನಾನು ಮೈಲಿಗೆ ನೋಡುದು. ನನ್ನದು ಕಷ್ಟದ ಕೆಲಸ" ಎಂದರು ಅತ್ತೆ.

ಮರದ ಗೊಂಬೆಗೆ ಸೀಗೆಪುಡಿ ಸ್ನಾನವಾಯಿತು. ಚಪ್ಪಲಿಯನ್ನು ಬೂದಿ ಹಾಕಿ ಉಜ್ಜಿದರು. ಕೊಡೆ ಕಾಗದದ್ದು, ತೊಳೆಯುವ ಹಾಗಿಲ್ಲ, ಬಿಸಿಲಿಗೆ ಬಿಡಿಸಿಟ್ಟರು. ಪುಸ್ತಕ ಸರಸ್ವತಿ, ಆದರೂ ಯಾವ ಊರಿನ ಸರಸ್ವತಿಯೋ ಎಂದು ತುಳಸಿ ನೀರು ಚಿಮುಕಿಸಿದರು. ನೀನು ಗೊಂಬೆ ಸುತ್ತಿ ಕಳಿಸಿದ ಹಳೆಯ ಸೀರೆಯ ತುಂಡನ್ನೂ ಹಂಡೆಗೆ ಹಾಕಿ ಕುದಿಸಿದರು ಎಂದರೆ ನೋಡು.

ಬಚಾವಾದದ್ದು ಕಂಬಳಿ ಒಂದೇ. ನಾನು ಅದನ್ನೂ ನೀರಿಗೆ ಒಯ್ಯುವಾಗ ಅತ್ತೆ ಕೈಯಿಂದ ಕಸಿದುಕೊಂಡರು. "ಇದನ್ನು ಯಾಕೆ ತೊಳೆಯುದು? ಉಣ್ಣೆಗೆ ಮೈಲಿಗೆ ಉಂಟಾ? ಅದು ಯಾರು ಹೊದ್ದರೂ ಮಡಿಯೇ." ಆಮೇಲೆ ನಡೆದದ್ದು ಕೇಳು: ಅಂಚಿನ ಒಂಟೆಗಳನ್ನು ಸವರಿ ಸವರಿ ನೋಡಿದರು, ಮೂಸಿದರು, ಮರುದಿನ ಬೆಳಗ್ಗೆ ಅದರ ಮೇಲೆಯೇ ಜಪಕ್ಕೆ ಕೂತರು! ನಮ್ಮ ಅತ್ತೆ ಮೂಕಾಂಬಿಕಮ್ಮನವರ ಜಪ ಈಗ ಒಂಟೆಯ ಮೇಲೆ ಸವಾರಿ.

ಜಪ ಮುಗಿದ ಮೇಲೆ ಕಂಬಳಿ ನಮಗೆ. ಮಕ್ಕಳು ಅದರ ಮೇಲೆ ಒತ್ತಿ ಕೂರುತ್ತಾರೆ, ಕಣ್ಣು ಮುಚ್ಚಿ ಟ್ರಂಕಿಗೆ ಕೈ ಹಾಕುತ್ತಾರೆ, ಸಿಕ್ಕಿದ್ದನ್ನು ಸವರಿ ಯಾವ ಊರಿನವರು ಏನು ಮಾಡುತ್ತಾರೆಂದು ಊಹಿಸಬೇಕು. ಮೂಲೆಮನೆಯ ದಾಕ್ಷಾಯಣಿಯ ಮಗ ಜನಾರ್ದನ ಮರದ ಚಪ್ಪಲಿ ಹಿಡಿದು, "ಟೀಚರೇ, ಇದು ವಳ್ಳಮಲ್ಲೇ?" ಅಂದ. ನಾನು ಕನ್ನಡದಲ್ಲಿ ಕೇಳಿದರೆ ಅವನದು ಮಲಯಾಳದಲ್ಲೇ ಉತ್ತರ. ದೋಣಿ ಅಲ್ಲ ಮಾರಾಯಾ ಎಂದರೂ ಕೇಳದೆ ಬಕೆಟ್ಟಿನಲ್ಲಿ ತೇಲಿಸಿದ. ತೇಲಿತು! ಹಾಲೆಂಡಿನಲ್ಲಿ ಎಲ್ಲೆಲ್ಲೂ ನೀರು ಎಂದು ಹೇಳಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಹೊಳೆದಿರಲಿಲ್ಲ.

ಚಂದ್ರಿ ಮಧ್ಯಾಹ್ನ ಆ ಕಂಬಳಿ ಹೊದೆಯದೆ ಮಲಗುವುದಿಲ್ಲ. ಸೆಕೆಯಲ್ಲಿ ಬೆವರುತ್ತಾ ಮುಖದ ತನಕ ಎಳೆದುಕೊಳ್ಳುತ್ತಾಳೆ. ಮರುಭೂಮಿಯ ವಾಸನೆ ಬರುತ್ತದಂತೆ.

ನಿನ್ನ ಕೈಗೆ ಎಷ್ಟು ಮುತ್ತು ಕೊಡಲಿ ಹೇಳು.

ನಿನ್ನ ಅಕ್ಕ
ಸರೋಜ


ವಿಲ್ಲಿಂಗ್ಡನ್ ಐಲ್ಯಾಂಡ್
13 ಫೆಬ್ರವರಿ 1958

ಅಕ್ಕಾ,

ನಿನ್ನ ಕಾಗದ ಎಷ್ಟು ಚೆನ್ನಾಗಿತ್ತು! ವಳ್ಳದ ಕಥೆ ಓದಿ ನಗು ಬಂತು. ಇವರಿಗೂ ಓದಿ ಹೇಳಿದೆ, ಸ್ವಲ್ಪ ಬಿಟ್ಟು.

ಇಲ್ಲಿ ವಿಶೇಷವೇನಿಲ್ಲ. ಒಂದು ಹಡಗನ್ನು ಹಡಗುಕಟ್ಟೆಯಿಂದ ಬಿಡಿಸಿ ದೂರ ನೀರಿನ ನಡುವೆ ನಿಲ್ಲಿಸಿದ್ದಾರೆ. ಹಳದಿ ಬಾವುಟ ಏರಿಸಿದೆ. ನಮ್ಮ ಹಿತ್ತಲಿನಿಂದ ಕಾಣುತ್ತದೆ. ಯಾವ ದೋಣಿಯೂ ಹತ್ತಿರ ಹೋಗುವುದಿಲ್ಲ, ಹಕ್ಕಿಗಳು ಮಾತ್ರ ಹೋಗಿ ಬರುತ್ತವೆ. ನೋಡಬಾರದು ಎಂದುಕೊಂಡೇ ದಿನವೂ ನೋಡುತ್ತೇನೆ. ಅದಿರಲಿ.

ಅಕ್ಕಾ, ಒಂದು ಮಾತು. ನೀನು ನಗಬಾರದು, ಬೇಸರವನ್ನೂ ಮಾಡಬಾರದು. ಆ ಒಂಟೆ ಕಂಬಳಿ ನನಗೇ ಬೇಕು ಅನಿಸುತ್ತಿದೆ. ಕೊಟ್ಟದ್ದನ್ನು ಕೇಳುವುದು ನಾಚಿಕೆಗೇಡು, ಗೊತ್ತು. ಬದಲಿಗೆ ಅದಕ್ಕಿಂತ ಚಂದದ್ದನ್ನು ಕಳಿಸುತ್ತೇನೆ. ಅದನ್ನು ಮಡಚಿ ಚೀಲಕ್ಕೆ ಹಾಕಿ, ಬಾಯಿ ಹೊಲಿದು, ಮಕ್ಕಳ ಕೈಗೆ ಸಿಗದ ಹಾಗೆ ಎಲ್ಲಾದರೂ ಎತ್ತಿಡು. ಅತ್ತೆಯವರಿಗೂ ಜಪಕ್ಕೆ ಬೇರೆ ಮಣೆ ಕೊಡು. ಈಗಲೇ ಮಾಡು, ಕಾಗದ ಓದಿದ ತಕ್ಷಣ.

ಚಂದ್ರಿಗೆ ಜ್ವರಗಿರ ಏನಿಲ್ಲವಷ್ಟೆ? ಬೇರೆ ಮಕ್ಕಳಿಗೆ? ಅತ್ತೆಯವರಿಗೆ? ಮಕ್ಕಳ ಮೈ ಬಿಸಿಯಾದರೆ ತಾಯಂದಿರಿಗೆ ಹೇಗಿರುತ್ತದೋ ಎಂದು ಈಗೀಗ ಯೋಚನೆ ಬರುತ್ತದೆ.

ನನಗೆ ಊಟ ಸೇರುವುದಿಲ್ಲ. ಎಡತೋಳು ಊದಿದೆ, ಏನೋ ಕಚ್ಚಿರಬೇಕು. ಚಿಂತೆ ಬೇಡ. ಬೇಗ ಬರೆ.

ಮೋಹಿನಿ


ಪಟ್ಟಂ
16 ಫೆಬ್ರವರಿ 1958

ನನ್ನ ಬಂಗಾರದ ಮೋಹಿನಿ,

ಕಳ್ಳಿ! ಹೇಳದೆ ಮುಚ್ಚಿಟ್ಟರೆ ಅಕ್ಕನಿಗೆ ತಿಳಿಯದೆಂದು ಮಾಡಿದೆಯಾ? ಊಟ ಸೇರುವುದಿಲ್ಲ, ತಾಯಂದಿರ ಯೋಚನೆ ಬರುತ್ತದೆ, ಕೊಟ್ಟ ಕಂಬಳಿ ತನಗೇ ಬೇಕು! ನಾನೂ ಚಂದ್ರಿಯ ಸಮಯದಲ್ಲಿ ಹೀಗೇ ಕಂಡವರ ವಸ್ತುವಿಗೆಲ್ಲ ಆಸೆಪಟ್ಟಿದ್ದೆ. ಕಾಗದವನ್ನು ಅತ್ತೆಗೆ ಓದಿ ಹೇಳಿದಾಗ ಅವರು ಒಂದೇ ಮಾತಿಗೆ, "ತೊಟ್ಟಿಲಿಗೆ ಮಾರಾಯ್ತಿ, ತೊಟ್ಟಿಲಿಗೆ! ಹುಡುಗಿ ನಾಚಿಕೊಂಡು ಸುತ್ತಿ ಬಳಸಿ ಬರ್ದಿದಾಳೆ" ಅಂದರು. ತಾವೇ ಜಪದ ಮಣೆ ಬದಲಿಸಿಕೊಂಡರು. ಹಳದಿ ಬಾವುಟದ ಹಡಗನ್ನು ನೋಡುತ್ತಾ ಕೂರಬೇಡವಂತೆ, ಒಳ್ಳೆಯ ಚಿತ್ರ ನೋಡಬೇಕಂತೆ.

ಕಂಬಳಿಯನ್ನು ಆ ದಿನವೇ ಚೀಲಕ್ಕೆ ಹಾಕಿದ್ದೆ. ಆದರೆ ಮಕ್ಕಳಿಗೆ ಹೇಳದೆ ಇರಲಾಗಲಿಲ್ಲ. ಮೋಹಿನಿ ಚಿಕ್ಕಮ್ಮನ ಪಾಪುವಿಗೆ ಬೇಕಂತೆ ಎಂದೆ. ಅಳುತ್ತಾರೆ ಎಂದುಕೊಂಡಿದ್ದೆ. ಯಾರೂ ಅಳಲಿಲ್ಲ. ಜನಾರ್ದನ ಎದ್ದು ನಿಂತು, ಎಂದೂ ಇಲ್ಲದ ಕನ್ನಡದಲ್ಲಿ, "ಪಾಪುಗೆ ಕತೆ ತುಂಬಿಸಿ ಕೊಡುವ ಟೀಚರೇ" ಅಂದ. ಪ್ರತಿ ಮಗುವೂ ಒಂದು ರಾತ್ರಿ ಕಂಬಳಿಯನ್ನು ಮನೆಗೆ ಒಯ್ದು ಹೊದ್ದು ಮಲಗಬೇಕು, ತನಗೆ ಇಷ್ಟದ ದೇಶದ ಕತೆಯನ್ನು ಅದಕ್ಕೆ ಹೇಳಬೇಕು. ಎಲ್ಲರ ಸರದಿ ಮುಗಿದ ಮೇಲೆ ನಿನಗೆ ಕಳಿಸುವುದು. ನಾನು ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಇವತ್ತು ಸಾರ್ಥಕವಾಯಿತು, ಮೋಹಿನಿ.

ಮೊದಲ ರಾತ್ರಿ ಜನಾರ್ದನನಲ್ಲಿ. ದಾಕ್ಷಾಯಣಿಯ ಕೈಗೂಸೂ ಅದರೊಳಗೇ ಮಲಗಿತ್ತಂತೆ. ಇವತ್ತು ಇನ್ನೊಂದು ಮನೆಗೆ ಹೋಗಿದೆ. ಎಲ್ಲರೂ ಆರೋಗ್ಯ. ಚಂದ್ರಿಗೆ ಒಂದು ಸೀನೂ ಇಲ್ಲ.

ನಿನ್ನ ಯಜಮಾನರು ಉದಯಶಂಕರರಿಗೆ ನಮ್ಮೆಲ್ಲರ ಸಂತೋಷ ತಿಳಿಸು.

ಕುಣಿಯುವ ಸರದಿ ಈಗ ನನ್ನದು.
ಸರೋಜ


ವಿಲ್ಲಿಂಗ್ಡನ್ ಐಲ್ಯಾಂಡ್
18 ಫೆಬ್ರವರಿ 1958

ಅಕ್ಕಾ,

ಈ ಕಾಗದಕ್ಕಿಂತ ಮೊದಲು ತಂತಿ ಬಂದಿರುತ್ತದೆ. ಕಂಬಳಿ ಸುಡಿ, ಮಕ್ಕಳಿಗೆಲ್ಲ ಸಿಡುಬಿನ ಲಸಿಕೆ ಹಾಕಿಸಿ ಎಂದು ಕೊಟ್ಟಿದ್ದೇವೆ. ತಂತಿಯಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಮಗುವಿಲ್ಲ ಅಕ್ಕಾ. ಏನೂ ಇಲ್ಲ. ಹೆದರಿಕೆ ಮಾತ್ರ ಇತ್ತು.

ಆ ಕಂಬಳಿ ಹಡಗಿನ ಅಡುಗೆಯವನದು. ಅವನು ಮೈ ಸುಡುತ್ತಾ ಅದನ್ನು ಹೊದ್ದು ಮಲಗಿದ್ದನಂತೆ. ಕಮಲಾಕ್ಷ ಭಾವ ಬಾಳೆಗೊನೆ ಇಳಿಸಲು ಹೋದವರು ಕಂಬಳಿಯನ್ನು ಹೊಗಳಿದರು, ಅವನು ಒಂದು ನೇಂದ್ರ ಬಾಳೆಗೊನೆಗೆ ಬದಲಾಗಿ ಅದನ್ನು ಬಿಚ್ಚಿ ಕೊಟ್ಟುಬಿಟ್ಟ. ಜ್ವರದವನದು ಎಂದು ಭಾವ ನನಗೆ ಹೇಳಿದ್ದರು. ಹಡಗಿನಲ್ಲಿ ಜ್ವರ ಯಾರಿಗೆ ಬರುವುದಿಲ್ಲ ಎಂದು ನಾನೂ ನಕ್ಕಿದ್ದೆ. ಟ್ರಂಕು ಹೋದ ಮೇಲೆ ಅವನ ಮುಖದ ಮೇಲೆ ಸಿಡುಬು ಎದ್ದಿತು. ಹಳದಿ ಬಾವುಟ ಏರಿದ್ದು ಅದಕ್ಕೆ. ಈಗ ಅವನು ಇಲ್ಲ. ಕಮಲಾಕ್ಷ ಭಾವನನ್ನು ಊರ ಹೊರಗಿನ ಆಸ್ಪತ್ರೆಯಲ್ಲಿ ಬೇರೆಯಾಗಿ ಇಟ್ಟಿದ್ದಾರೆ. ನನ್ನ ತೋಳಿಗೆ ಏನೂ ಕಚ್ಚಿರಲಿಲ್ಲ. ಐಲ್ಯಾಂಡಿನವರಿಗೆಲ್ಲ ಲಸಿಕೆ ಹಾಕಿದರು.

ಹದಿಮೂರನೇ ತಾರೀಕು ನಿನಗೆ ಬರೆಯುವಾಗ ಇದೆಲ್ಲ ನನಗೆ ಗೊತ್ತಿತ್ತು. ಆಗ ಅಡುಗೆಯವ ಇನ್ನೂ ಬದುಕಿದ್ದ, ಅಷ್ಟೇ ವ್ಯತ್ಯಾಸ. ನಿಜ ಬರೆದರೆ ಕಂಬಳಿ ಎಲ್ಲಿಂದ ಬಂತೆಂದು ಯಾರಾದರೂ ಕೇಳುತ್ತಾರೆ, ಇವರ ಕೆಲಸ ಹೋಗುತ್ತದೆ ಎಂದುಕೊಂಡೆ. ಅತ್ತೆಯವರು ಎಲ್ಲವನ್ನೂ ಕುದಿಸಿದರು ಎಂದು ಓದುತ್ತಾ ಓದುತ್ತಾ ನನ್ನ ಜೀವ ತಿರುಗಿ ಬಂದಿತ್ತು. ಮುಂದಿನ ಸಾಲಿನಲ್ಲಿ ಹೋಯಿತು. ಅವರು ಮುಟ್ಟಿದ ಅಷ್ಟೂ ವಸ್ತುಗಳಲ್ಲಿ ತೊಳೆಯಬೇಕಾದದ್ದು ಅದೊಂದೇ ಆಗಿತ್ತು.

ನಿನ್ನೆ ನಿನ್ನ ಕಾಗದ ಬಂತು. ದಾಕ್ಷಾಯಣಿಯ ಕೈಗೂಸು ಎಂಬಲ್ಲಿಗೆ ಬಂದಾಗ ನಾನು ಕಿರುಚಿದೆನಂತೆ. ಇವರು ಊಟದ ಎಲೆಯಿಂದ ಎದ್ದು ಬಂದರು. ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಎಂಜಲು ಕೈ ಹಾಗೇ ಇತ್ತು. "ಮಕ್ಕಳು ಎಷ್ಟು ಜನ?" ಎಂದರು.

"ನಿಮ್ಮ ಕೆಲಸ?" ಎಂದೆ.

"ನಾನು ಕೇಳಿದ್ದು ಮಕ್ಕಳನ್ನು. ಸೀರೆ ಬದಲಿಸು, ತಂತಿ ಆಫೀಸಿಗೆ ಹೋಗುವ."

ಸೀರೆ ಉಟ್ಟು ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ಇವತ್ತು ತೆರೆದ ಕೂಡಲೇ ಕೊಟ್ಟೆವು. ಅಲ್ಲಿಂದ ಇವರು ಸೀದಾ ಬಂದರಿನ ಡಾಕ್ಟರರ ಹತ್ತಿರ ಹೋದರು, ತಾವೇ ಹೇಳಲು. ಇನ್ನೂ ಬಂದಿಲ್ಲ.

ನನ್ನನ್ನು ಏನು ಬೇಕಾದರೂ ಅನ್ನು. ಚಂದ್ರಿ ಹೇಗಿದ್ದಾಳೆ ಎಂಬುದನ್ನು ಮಾತ್ರ ಬರೆ.

ಮೋಹಿನಿ


ಪಟ್ಟಂ
22 ಫೆಬ್ರವರಿ 1958

ಮೋಹಿನಿಗೆ,

ಸುಟ್ಟೆವು. ಉಣ್ಣೆ ಬೇಗ ಉರಿಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಸೀಮೆಎಣ್ಣೆ ಸುರಿದರೂ ಒಂಟೆಗಳು ಕೊನೆಯ ತನಕ ಕಾಣುತ್ತಿದ್ದವು. ಕೂದಲು ಸುಟ್ಟ ವಾಸನೆ ಇನ್ನೂ ಹೋಗಿಲ್ಲ.

ನಿನ್ನ ಭಾವ ಲಸಿಕೆಯವರನ್ನು ಕರೆದುಕೊಂಡು ಮನೆಮನೆಗೆ ಹೋದರು. ನಾನೂ ಜೊತೆಗೆ ಹೋದೆ. ಬಾಗಿಲಲ್ಲಿ ನಿಂತು ಪ್ರತಿ ತಾಯಿಗೂ ನಾನೇ ಹೇಳಿದೆ. ದಾಕ್ಷಾಯಣಿ ಕೈಗೂಸನ್ನು ಎದೆಗೆ ಒತ್ತಿಕೊಂಡು, "ನೀವು ಕಲಿತವರಲ್ವಾ ಟೀಚರೇ" ಎಂದಳು. ಜಗಲಿ ಶಾಲೆ ಮುಚ್ಚಿದೆ. ಟ್ರಂಕಿಗೆ ಬೀಗ ಹಾಕಿದ್ದೇನೆ.

ಮಕ್ಕಳಿಗೆ ಇದುವರೆಗೆ ಜ್ವರವಿಲ್ಲ. ಚಂದ್ರಿಯ ತೋಳಿನಲ್ಲಿ ಲಸಿಕೆಯ ಗುಳ್ಳೆ ಎದ್ದಿದೆ, ಎದ್ದರೆ ಒಳ್ಳೆಯದಂತೆ. ಡಾಕ್ಟರು ಇನ್ನೂ ಕೆಲವು ದಿನ ನೋಡಬೇಕು ಎನ್ನುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಅವಳ ಹಣೆ ಮುಟ್ಟುತ್ತೇನೆ.

ಅತ್ತೆ ಮಾತ್ರ ಲಸಿಕೆಗೆ ತೋಳು ಚಾಚಲಿಲ್ಲ. ಲಸಿಕೆ ಎಂದರೆ ಕರುವಿನ ಮೈಯ ಕೀವು, ಅದನ್ನು ತನ್ನ ಮೈಗೆ ಹಾಕಿಸಿಕೊಳ್ಳುವುದಿಲ್ಲ ಎಂದರು. ಗುರುವಾರದಿಂದ ಅವರಿಗೆ ಜ್ವರ. ಬೆನ್ನು ಸೀಳುವ ನೋವು. ಮುಖದಲ್ಲಿ ಇನ್ನೂ ಏನೂ ಇಲ್ಲ.

ಅವರೇ ಚಾಪೆ ಹಿಡಿದು ಹಿತ್ತಲಿನ ಕೋಣೆಗೆ ಹೋದರು. ಊಟ ಹೊಸ್ತಿಲಲ್ಲಿ ಇಟ್ಟು ಬರಬೇಕು. ಚಂದ್ರಿ ಅಭ್ಯಾಸದಂತೆ ಓಡಿದಳು. "ಮುಟ್ಟಬೇಡ ಮಗಾ, ಅಜ್ಜಿ ಮಡಿಯಲ್ಲಿ ಉಂಟು" ಎಂದರು ಒಳಗಿನಿಂದ. ದಿನವೂ ಕೇಳುವ ಮಾತಲ್ಲವೇ, ಅವಳು ಸುಮ್ಮನೆ ಅಂಗಳಕ್ಕೆ ಹೋಗಿ ಆಡತೊಡಗಿದಳು. ಹೆದರಲೇ ಇಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನಿನ್ನೆ ಕಿಟಕಿಯಿಂದ ಅವರಿಗೆ ನಿನ್ನ ಕಾಗದ ಓದಿ ಹೇಳಿದೆ, ಒಂದೂ ಬಿಡದೆ. "ಹಾಗಾದರೆ ತೊಟ್ಟಿಲು ಇಲ್ಲವಾ?" ಎಂದರು. ಅಷ್ಟೆ.

ನೀನು ಬರಬೇಡ. ಇದು ಕೋಪದ ಮಾತೋ ಅಲ್ಲವೋ ನನಗೇ ತಿಳಿಯದು.

ಸರೋಜ


ವಿಲ್ಲಿಂಗ್ಡನ್ ಐಲ್ಯಾಂಡ್
24 ಫೆಬ್ರವರಿ 1958

ಅಕ್ಕಾ,

ನಾನು ಬರುತ್ತೇನೆ.

ಇವರು ಎಲ್ಲ ಹೇಳಿ ಬಂದರು. ಸದ್ಯಕ್ಕೆ ಕೆಲಸಕ್ಕೆ ಬರಬೇಡಿ ಎಂದಿದ್ದಾರೆ. ಮುಂದಿನದು ಮುಂದೆ. ಮನೆಯಲ್ಲಿ ಕೂತು ನನಗೆ ಗಂಜಿ ಬೇಯಿಸಿ ಹಾಕುತ್ತಾರೆ, ಉಪ್ಪು ಮರೆಯುತ್ತಾರೆ. ಕಮಲಾಕ್ಷ ಭಾವನಿಗೆ ಇದುವರೆಗೆ ಏನೂ ಆಗಿಲ್ಲ. ಹಡಗು ಅಲ್ಲೇ ನಿಂತಿದೆ.

ನೀನು ಹಗಲಿಡೀ ಚಂದ್ರಿಯನ್ನು ಎತ್ತಬೇಕು. ಹಾಗಿರುವಾಗ ಹಿತ್ತಲಿನ ಕೋಣೆಗೆ ಕಾಲಿಡಬಾರದು. ಭಾವನೂ ಇಡಬಾರದು. ಹೊಸ್ತಿಲಲ್ಲಿ ಇಟ್ಟ ಊಟವನ್ನು ಅತ್ತೆಯವರು ಇನ್ನೆಷ್ಟು ದಿನ ತೆವಳಿ ಬಂದು ತೆಗೆದುಕೊಂಡಾರು? ಬೆನ್ನು ನೀವಲು, ಬಟ್ಟೆ ಬದಲಿಸಲು, ನೀರು ಕುಡಿಸಲು ಯಾರಾದರೂ ಅವರನ್ನು ಮುಟ್ಟಬೇಕು. ಬಂದರಿನ ಡಾಕ್ಟರರ ಹತ್ತಿರ ನಾನೇ ಹೋಗಿ ತೋಳು ತೋರಿಸಿದೆ. ಚಿಕ್ಕಂದಿನ ಕಾನ್ವೆಂಟಿನ ಗುರುತು, ಅದರ ಪಕ್ಕದಲ್ಲೇ ಮೊನ್ನೆಯದು, ಚೆನ್ನಾಗಿ ಎದ್ದು ಒಣಗಿದೆ. "ನೀವು ಹೋಗಬಹುದು" ಎಂದರು. ಆದರೂ ಹೆದರಿಕೆ ಆಗುತ್ತದೆ ಅಕ್ಕಾ. ನಿನಗಾದರೂ ಇನ್ನು ಸುಳ್ಳು ಬರೆಯುವುದಿಲ್ಲ.

ನಿಮ್ಮ ಮನೆಗೆ ಬಂದಾಗಲೆಲ್ಲ ಅತ್ತೆಯವರು ನನ್ನನ್ನು ಕಂಡು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಕಾನ್ವೆಂಟಿನ ಹುಡುಗಿ, ಸ್ನಾನ ಮಾಡದೆ ಮುಟ್ಟಿಬಿಟ್ಟಾಳು ಎಂದು. ನಾನು ಬೇಕೆಂದೇ ಹತ್ತಿರ ಹೋಗಿ ಕಾಡುತ್ತಿದ್ದೆ. ಈಗ ನಿಮ್ಮ ಮನೆಯಲ್ಲಿ ಅವರನ್ನು ಮುಟ್ಟಬಹುದಾದವಳು ನಾನೊಬ್ಬಳೇ. ಅವರಿಗೆ ಕಿಟಕಿಯಿಂದ ಹೇಳು, ಮೋಹಿನಿ ಹತ್ತಿ ಸೀರೆ ಉಟ್ಟು ಬರುತ್ತಾಳೆ, ದಿನವೂ ಕುದಿಸಿ ಉಡುತ್ತಾಳೆ, ಅವರು ಹೇಳಿದಷ್ಟು ಸಲ ಮೀಯುತ್ತಾಳೆ ಎಂದು. ಬೈದರೆ ಬೈಯಲಿ. ಬೈಯುವಷ್ಟು ಶಕ್ತಿ ಇದ್ದರೆ ಸಾಕು.

ಟ್ರಂಕಿನ ಬೀಗ ತೆಗೆಯಬೇಡ, ಎಸೆಯಲೂ ಬೇಡ. ದಾಕ್ಷಾಯಣಿಯ ಬಾಗಿಲಿಗೆ ನಾನೇ ಹೋಗುತ್ತೇನೆ, ಹಿತ್ತಲಿನ ಕೋಣೆಯಿಂದ ಹೊರಬಂದ ಮೇಲೆ.

ನಿಲ್ದಾಣಕ್ಕೆ ಯಾರೂ ಬರಬೇಡಿ, ಚಂದ್ರಿಯನ್ನಂತೂ ತರಲೇಬೇಡ. ಹಿತ್ತಲಿನ ಬಾಗಿಲ ಚಿಲಕ ಮಾತ್ರ ತೆಗೆದಿಡು. ಬುಧವಾರ, ಎರ್ನಾಕುಳಂನಿಂದ ಕೋಟ್ಟಯಂ ಮೇಲೆ ಬರುವ ಬೆಳಗಿನ ಪ್ಯಾಸೆಂಜರಿನಲ್ಲಿ ಬರುತ್ತೇನೆ.

ಮೋಹಿನಿ